ವಿಮಾನದ ಎಂಜಿನ್‌ಗೆ ಕಂಪನಿ ಪಾರ್ಟ್ ಜೊತೆ ಹೊರಗಿನವರ ಪಾರ್ಟ್ ಹಾಕಬಹುದಾ?

ಪ್ರಶ್ನೆ (ಗೋಕುಲ ರೋಡ್, ಹುಬ್ಬಳ್ಳಿ):
ನಮಸ್ಕಾರ ಸರ್. ಇಂಡಸ್ಟ್ರಿಯಲ್ ಎಸ್ಟೇಟ್‌ನಲ್ಲಿ ನಮ್ಮದು ವಾಲ್ವ್ ಮಷಿನಿಂಗ್ ಮಾಡುವ ಸಣ್ಣ ವರ್ಕ್‌ಶಾಪ್. ಜೆಟ್ ಎಂಜಿನ್‌ಗೂ ಎಂಜಿನ್ ಕಂಪನಿ ಬಿಟ್ಟು ಬೇರೆಯವರು ಮಾಡಿದ ಪಾರ್ಟ್ ಹಾಕುತ್ತಾರೆ ಎಂದು ಮಗ ಹೇಳಿದ. ನನಗೆ ನಂಬಿಕೆ ಬರಲಿಲ್ಲ. ಅರ್ಧ ಕಂಪನಿ ಮಾಲು, ಅರ್ಧ ಹೊರಗಿನ ಮಾಲು ಹಾಕಿದರೆ ಎಂಜಿನ್ ಕೈ ಕೊಡಲ್ವಾ?

ಉತ್ತರ (ಎಂಜಿನ್ ಓವರ್‌ಹಾಲ್ ಎಂಜಿನಿಯರ್):
ನಿಮ್ಮ ಮಗ ಹೇಳಿದ್ದು ಖರೇ. ಕಾನೂನಿನ ಪ್ರಕಾರವೇ ಹಾಕುತ್ತಾರೆ. ಇಂಥ ಪಾರ್ಟ್‌ಗೆ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಕೊಡುವ ಒಪ್ಪಿಗೆಯನ್ನು ಪಿಎಂಎ ಅಂತಾರೆ. ಮೂಲ ಪಾರ್ಟ್‌ನ ಡಿಸೈನಿಗೆ ತಮ್ಮದು ತದ್ರೂಪ ಎಂದು ತೋರಿಸಿ ಅದನ್ನು ಪಡೆಯಬಹುದು. ಇಲ್ಲವೇ ಟೆಸ್ಟ್ ಮಾಡಿ, ಲೆಕ್ಕ ಹಾಕಿ, ತಮ್ಮದು ಅದಕ್ಕೆ ಕಡಿಮೆಯಿಲ್ಲ ಎಂದು ಸಾಬೀತು ಮಾಡಬೇಕು.

ಈ ಎರಡನೇ ದಾರಿಯ ಕಷ್ಟ ನಿಮಗೆ ಚೆನ್ನಾಗಿ ಗೊತ್ತಿರುತ್ತದೆ. ಡ್ರಾಯಿಂಗ್ ಕೈಯಲ್ಲಿಲ್ಲ. ಹತ್ತು ಪೀಸ್ ಅಳೆದರೆ ಸೈಜ್ ಸಿಗುತ್ತದೆ, ಅದರಲ್ಲಿ ಎಷ್ಟು ಹೆಚ್ಚುಕಡಿಮೆ ನಡೆಯುತ್ತದೆ ಎಂಬ ಟಾಲರೆನ್ಸ್ ಸಿಗುತ್ತದಾ? ಅದಕ್ಕೇ ತುಂಬಾ ಹೊಸ ಪೀಸ್ ಅಳೆದು, ಬಂದ ವ್ಯತ್ಯಾಸದ ಒಳಗೇ ತಮ್ಮ ಟಾಲರೆನ್ಸ್ ಇಟ್ಟುಕೊಳ್ಳುತ್ತಾರೆ. ಮಿಶ್ರಲೋಹ, ಹೀಟ್ ಟ್ರೀಟ್‌ಮೆಂಟ್, ಮೇಲಿನ ಕೋಟಿಂಗ್, ಎಲ್ಲದರ ಪರೀಕ್ಷೆ ಬೇರೆ.

ಈಗ ಕೂಡಿಸಿ ಹಾಕುವ ಮಾತು. ಬ್ರಾಕೆಟ್, ಬುಷ್, ಗ್ಯಾಸ್ಕೆಟ್ ಆದರೆ ನನಗೇನೂ ತಲೆನೋವಿಲ್ಲ. ನಿಜವಾದ ಜಗಳ ಇರುವುದು ಕಂಬಷನ್ ಚೇಂಬರಿನ ಹಿಂದೆಯೇ ತಿರುಗುವ ಟರ್ಬೈನ್ ಬ್ಲೇಡ್‌ನಲ್ಲಿ. ಅಲ್ಲಿನ ಗಾಳಿಯ ಬಿಸಿ ಬ್ಲೇಡ್‌ನ ಲೋಹ ಕರಗುವ ಬಿಸಿಗಿಂತ ಜಾಸ್ತಿ. ಆದರೂ ಕರಗುವುದಿಲ್ಲ. ಕಂಪ್ರೆಸರ್‌ನಿಂದ ತೆಗೆದ ಗಾಳಿ ಬ್ಲೇಡ್‌ನ ಹೊಟ್ಟೆಯೊಳಗಿನ ಸಣ್ಣ ದಾರಿಗಳಲ್ಲಿ ಹರಿದು ತಂಪು ಮಾಡುತ್ತದೆ. ಆ ದಾರಿ ಸ್ವಲ್ಪ ಬದಲಾದರೂ ಗಾಳಿಯ ಪ್ರಮಾಣ ಬದಲಾಗುತ್ತದೆ. ಆಗ ಬ್ಲೇಡ್‌ನ ಬುಡದ ಬಿಸಿ ಬದಲಾಗುತ್ತದೆ, ಬುಡ ಕೂತಿರುವ ಡಿಸ್ಕ್‌ನ ಬಿಸಿಯೂ ಬದಲಾಗುತ್ತದೆ. ಡಿಸ್ಕ್ ಎಷ್ಟು ಸೈಕಲ್ ಬಾಳಬೇಕು ಎಂದು ಲೆಕ್ಕ ಹಾಕಿದ್ದು ಮೂಲ ಕಂಪನಿ. ಒಂದು ಸಲ ಹಾರಿ ಇಳಿದರೆ ಒಂದು ಸೈಕಲ್ ಅಂದುಕೊಳ್ಳಿ.

ಹಾಗಾಗಿ ಎಂಜಿನ್ ಕಂಪನಿ, 'ನಮ್ಮ ಲೆಕ್ಕ ನಮ್ಮ ಪಾರ್ಟ್‌ಗೆ ಮಾತ್ರ' ಅನ್ನುತ್ತದೆ. ಪಿಎಂಎಯವರು 'ನಾವು ಅದನ್ನೂ ಸಾಬೀತು ಮಾಡಿದ್ದೇವೆ' ಅನ್ನುತ್ತಾರೆ. ಎಂಜಿನ್ ಕಂಪನಿಯ ಮೇಂಟೆನೆನ್ಸ್ ಮ್ಯಾನ್ಯುಯಲ್ ತಮ್ಮ ಪಾರ್ಟ್‌ಗೂ ಸಾಕಾಗುತ್ತದೆ ಎಂದು ತೋರಿಸುವ ಹೊಣೆ ಪಿಎಂಎ ಪಡೆದವರದೇ. ಸಾಕಾಗದಿದ್ದರೆ ಮೇಂಟೆನೆನ್ಸ್ ಸೂಚನೆಯನ್ನೂ ಅವರೇ ಕೊಡಬೇಕು.

ಒಂದೇ ಸಾಲಿನಲ್ಲಿ ಎರಡೂ ಬಗೆಯ ಬ್ಲೇಡ್ ಹಾಕುವಾಗ ತೂಕವೂ ನೋಡಬೇಕು. ಎದುರುಬದುರಿನವು ಸರಿದೂಗದಿದ್ದರೆ ರೋಟರ್ ನಡುಗುತ್ತದೆ. ಇದು ಶಾಪ್‌ನಲ್ಲೇ ಸರಿಹೋಗುವ ಕೆಲಸ. ಡಿಸ್ಕ್, ಶಾಫ್ಟ್ ಮಾತ್ರ ನಾನಾದರೆ ಕಂಪನಿಯದೇ ಹಾಕುತ್ತೇನೆ. ಡಿಸ್ಕ್ ಒಡೆದರೆ ಎಂಜಿನ್ ಕವಚ ಅದನ್ನು ತಡೆಯುವುದಿಲ್ಲ. ಹಾಗಂತ ಕಂಪನಿ ಹೆಸರು ಇದ್ದ ಮಾತ್ರಕ್ಕೆ ನಿಶ್ಚಿಂತೆ ಅಂತಲ್ಲ. 1989ರಲ್ಲಿ ಅಮೆರಿಕದ ಸಿಯೂ ಸಿಟಿಯಲ್ಲಿ 112 ಜನ ಸತ್ತ ಅಪಘಾತದಲ್ಲಿ ಒಡೆದದ್ದು ಮೂಲ ಕಂಪನಿಯದೇ ಫ್ಯಾನ್ ಡಿಸ್ಕ್. ಟೈಟೇನಿಯಂ ಕರಗಿಸುವಾಗಲೇ ಒಳಗೆ ದೋಷ ಉಳಿದಿತ್ತು.

ಪ್ರಶ್ನೆ (ಧಾರವಾಡ, ಡಿಪ್ಲೊಮಾ ವಿದ್ಯಾರ್ಥಿ):
ಸರ್, 2023ರಲ್ಲಿ ಸುದ್ದಿಯಾದ ಡೂಪ್ಲಿಕೇಟ್ ಪಾರ್ಟ್ ಹಗರಣವೂ ಇದೇನಾ?

ಉತ್ತರ:
ಅಲ್ಲಪ್ಪ, ಎರಡನ್ನೂ ಒಂದೇ ಗಂಟಿಗೆ ಕಟ್ಟಬೇಡ. ಅದು ಲಂಡನ್ನಿನ ಎಒಜಿ ಟೆಕ್ನಿಕ್ಸ್ ವಿಷಯ. ಸಿಎಫ್‌ಎಂ56 ಎಂಜಿನ್ ಪಾರ್ಟ್‌ಗಳನ್ನು ಸುಳ್ಳು ಸರ್ಟಿಫಿಕೇಟ್ ಜೊತೆ ಮಾರಿದ್ದರು. ನೂರಕ್ಕೂ ಹೆಚ್ಚು ಎಂಜಿನ್‌ಗಳಲ್ಲಿ ಸಿಕ್ಕವು. ಪಿಎಂಎ ಪಾರ್ಟ್ ತನ್ನ ತಯಾರಕರ ಗುರುತು ಮೈಮೇಲೆ ಹೊತ್ತುಕೊಂಡೇ ಬರುತ್ತದೆ. ಯಾರು ಮಾಡಿದರು ಎಂದು ಮುಚ್ಚಿಡುವುದಿಲ್ಲ.

ಪ್ರಶ್ನೆ (ಗದಗ):
ಅಗ್ಗ ಇದ್ದರೆ ಎಲ್ಲ ಏರ್‌ಲೈನ್‌ನವರೂ ಯಾಕೆ ಹಾಕಲ್ಲ?

ಉತ್ತರ:
ನಮ್ಮ ದೇಶದಲ್ಲಿ ಹೆಚ್ಚಿನ ವಿಮಾನಗಳು ಲೀಸ್‌ನವು. ಎಂಜಿನ್ ಒಳಗೆ ಪಿಎಂಎ ಬೇಡ ಎಂದು ಎಷ್ಟೋ ಲೀಸ್ ಕರಾರುಗಳಲ್ಲೇ ಬರೆದಿರುತ್ತದೆ. ಮಾರುವಾಗ ಬೆಲೆ ಇಳಿಯುವ ಭಯ ಮಾಲೀಕರಿಗೆ. ನನಗೆ ಕೇಳಿದರೆ ಸುಮಾರು ಕಡೆ ಪಿಎಂಎಗೆ ಅಡ್ಡ ನಿಂತಿರುವುದು ಎಂಜಿನಿಯರಿಂಗ್ ಅಲ್ಲ, ಈ ಲೆಕ್ಕ. 2018ರಲ್ಲಿ ಏರ್‌ಲೈನ್‌ಗಳ ಸಂಘ ಐಎಟಿಎ ಜೊತೆ ಸಿಎಫ್‌ಎಂ56 ಎಂಜಿನ್ ಮಾಡುವ ಸಿಎಫ್‌ಎಂ ಕಂಪನಿ ಒಪ್ಪಂದ ಮಾಡಿಕೊಂಡು, ಬೇರೆಯವರ ಪಾರ್ಟ್ ಬಳಸುವವರಿಗೆ ದಾರಿ ಸ್ವಲ್ಪ ಸಲೀಸು ಮಾಡಿತು.

ಪ್ರಶ್ನೆ (ಮೊದಲು ಕೇಳಿದವರು):
ಹಾಗಾದರೆ ನಮ್ಮಂಥ ವರ್ಕ್‌ಶಾಪ್‌ನವರು ಈ ಲೈನ್‌ಗೆ ಬರಬಹುದಾ ಸರ್?

ಉತ್ತರ:
ನೇರ ಪಿಎಂಎಗೆ ಕೈ ಹಾಕಬೇಡಿ. ಅದಕ್ಕೆ ಬೇಕಾದ ಟೆಸ್ಟ್ ಖರ್ಚು ಸಣ್ಣ ಶಾಪ್‌ಗೆ ಹೊರಲಾಗದ ಭಾರ. ಮೊದಲು ಏರೋಸ್ಪೇಸ್ ಕೆಲಸದ ಗುಣಮಟ್ಟಕ್ಕೆ ಕೊಡುವ ಎಎಸ್9100 ಸರ್ಟಿಫಿಕೇಟ್ ಮಾಡಿಸಿ. ಬೆಳಗಾವಿ ಹತ್ತಿರ ಹತ್ತರಗಿಯಲ್ಲಿ ಏಕಸ್‌ನವರ ಏರೋಸ್ಪೇಸ್ ವಲಯವಿದೆ, ಬೆಂಗಳೂರಿನಲ್ಲಿ ಎಚ್‌ಎಎಲ್ ಇದೆ. ಅಂಥವರ ಡ್ರಾಯಿಂಗ್ ಮೇಲೆ ಜಾಬ್‌ವರ್ಕ್ ಸಿಗುತ್ತದಾ ವಿಚಾರಿಸಿ. ಇವತ್ತಿನಿಂದಲೇ ಮಾಡಬಹುದಾದ ಕೆಲಸ ಒಂದಿದೆ: ಬರುವ ಪ್ರತಿ ರಾಡ್‌ನ ಹೀಟ್ ನಂಬರ್ (ಲೋಹ ಕರಗಿಸಿದ ಬ್ಯಾಚ್‌ನ ನಂಬರ್) ಬರೆದಿಡಿ, ಅದರಿಂದ ಮಾಡಿದ ಪ್ರತಿ ಪೀಸ್‌ಗೂ ಆ ನಂಬರ್ ಜೋಡಿಸಿ. ಆಡಿಟ್‌ಗೆ ಬಂದವರು ಮಷಿನ್ ನೋಡುವ ಮೊದಲು ಆ ರಿಜಿಸ್ಟರ್ ಕೇಳುತ್ತಾರೆ.