ಗುಡ್ಡೆ ಮೇಲೆ ಮನೆ, ನೀರು ಕೆಳಗಿನವರ ಸುರಂಗದಲ್ಲಿ: ನೀವೇನು ಮಾಡಿದ್ದೀರಿ?

ಬಾಯಾರಿನಿಂದ (ಕಾಸರಗೋಡು ಜಿಲ್ಲೆ) ಕೇಳಿದ್ದು:
ನಮ್ಮದು ಗುಡ್ಡೆ ಮೇಲೆ ಐದು ಸೆಂಟ್ಸ್ ಜಾಗ. ಮಾರ್ಚ್ ಬಂದರೆ ಬಾವಿಯ ತಳ ಕಾಣುತ್ತದೆ. ಕೆಳಗಿನ ತೋಟದವರು ನೀರಿಗಾಗಿ ಗುಡ್ಡೆಯ ಬದಿಗೆ ಅಡ್ಡಲಾಗಿ ಕೊರೆದ ಸುರಂಗದಲ್ಲಿ ಮೇ ತಿಂಗಳಲ್ಲೂ ನೀರಿದೆ. ಕೊಡಪಾನ ಹಿಡಿದು ಹೋದರೆ ಬೇಡ ಅನ್ನುವುದಿಲ್ಲ. ಆದರೂ ದಿನಾ ಹೋಗಲು ಸಂಕೋಚ. ಆ ನೀರನ್ನು ಕುದಿಸದೆ ಕುಡಿಯಬಹುದಾ? ಬೋರ್‌ವೆಲ್ ಕೊರೆಸುವುದಾ? ಅನುಭವ ಇದ್ದವರು ಹೇಳಿ.

ಪೈವಳಿಕೆಯಿಂದ:
ಅಕ್ಕಾ, ಮೊದಲು ಸಂಕೋಚ ಬಿಡಿ. ಸುರಂಗಕ್ಕೆ ನೀರು ಬರುವುದು ಎಲ್ಲಿಂದ? ಮಳೆಗಾಲದಲ್ಲಿ ನಿಮ್ಮ ಅಂಗಳಕ್ಕೆ ಬಿದ್ದದ್ದೇ ಮುರಕಲ್ಲಿನೊಳಗೆ (ಜಂಬಿಟ್ಟಿಗೆ ಕಲ್ಲು) ಇಳಿದು ಕೆಳಗೆ ಒಸರುವುದಲ್ವಾ? ನಮ್ಮಲ್ಲಿ ಮೇಲಿನ ಮನೆಯವರೆಲ್ಲ ಸೇರಿ ತೋಟದ ಮಾವನ ಹತ್ತಿರ ಇದನ್ನೇ ಹೇಳಿದೆವು. ಬೆಳಿಗ್ಗೆ ತೋಟಕ್ಕೆ ನೀರು ಬಿಡುವ ಮೊದಲು ಕುಡಿಯುವ ನೀರು, ಆಮೇಲೆ ಅಡಿಕೆಗೆ ಅಂತ ಮಾತಾಯಿತು. ಬದಲಿಗೆ ನಾವು ಮೇಲೆ ಇಂಗುಗುಂಡಿ ತೋಡಿದೆವು, ಕೆಲಸಕ್ಕೆ ಆಳು ಕೊಟ್ಟದ್ದು ಅವರೇ. ಹೊತ್ತು ನಿಗದಿಯಾದ ಮೇಲೆ ದಿನಾ ಮುಖ ನೋಡಿ ಕೇಳುವ ಪ್ರಸಂಗವಿಲ್ಲ. ಗುಂಡಿ ಸಣ್ಣ ವಿಷಯ ಅಂದುಕೊಳ್ಳಬೇಡಿ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ. 1,000 ಚದರ ಅಡಿಯ ಮನೆಮಾಡಿನ ಮೇಲೆ ಎರಡೂವರೆ ಲಕ್ಷ ಲೀಟರಿಗೂ ಹೆಚ್ಚು ನೀರು ಬೀಳುತ್ತದೆ. ಅದು ಸುಮ್ನೆ ತೋಡಿಗೆ ಹೋಗುತ್ತಿದೆ.

ಎಣ್ಮಕಜೆಯಿಂದ:
ಬೋರ್‌ವೆಲ್ ಬೇಡ. ನಮ್ಮ ಗುಡ್ಡೆಯಲ್ಲಿ ಒಬ್ಬರು ಕೊರೆಸಿದ ಮೇಲೆ ಎರಡು ಸುರಂಗ ಒಣಗಿದವು. ಈಗ ಮಾತುಕತೆಯೂ ಇಲ್ಲ.

ಬದಿಯಡ್ಕದಿಂದ:
ಪೈವಳಿಕೆಯವರು ಹೇಳಿದ್ದು ಸರಿ, ಆದರೆ ಮೇಲಿನಿಂದ ಮಳೆನೀರು ಮಾತ್ರ ಇಳಿಯುವುದಿಲ್ಲ, ಕಕ್ಕಸು ಗುಂಡಿಯದ್ದೂ ಇಳಿಯುತ್ತದೆ. ಮುರಕಲ್ಲಿನಲ್ಲಿ ತೂತು ಜಾಸ್ತಿ, ಸೋಸುವುದು ಕಮ್ಮಿ. ನೀರು ತಿಳಿಯಾಗಿದೆ, ತಣ್ಣಗಿದೆ ಅಂತ ನಂಬಬೇಡಿ. ಕೊತಕೊತ ಕುದಿಸಿಯೇ ಕುಡಿಯಿರಿ, ಮಳೆ ಶುರುವಾದ ವಾರಗಳಲ್ಲಂತೂ ತಪ್ಪಿಸಲೇಬೇಡಿ. ಪರೀಕ್ಷೆಗೆ ಕೊಡುವುದಾದರೆ ಬಾಟಲಿಯನ್ನು ಲ್ಯಾಬಿನಿಂದಲೇ ತನ್ನಿ, ಸೋಡಾ ಬಾಟಲಿ ಆಗದು. ನೀರಿಗೆ ಮಲ ಸೇರಿದೆ ಎಂದು ತೋರಿಸುವ ಇ-ಕೋಲಿ ಬ್ಯಾಕ್ಟೀರಿಯಾ 100 ಮಿಲಿಲೀಟರಿನಲ್ಲಿ ಒಂದೂ ಇರಬಾರದು. ಇನ್ನು ಫಿಲ್ಟರ್ ಮಾರುವವರು ಟಿಡಿಎಸ್ ಮೀಟರ್ ಅದ್ದಿ ತೋರಿಸುತ್ತಾರೆ. ಅದು ನೀರಲ್ಲಿ ಕರಗಿದ ಲವಣ ಅಳೆಯುತ್ತದೆ, ರೋಗಾಣು ಅದಕ್ಕೆ ಕಾಣದು. ನಮ್ಮ ಗುಡ್ಡೆಯ ನೀರಿನಲ್ಲಿ ಟಿಡಿಎಸ್ ಮೊದಲೇ ಕಮ್ಮಿ. ಆ ಲವಣ ತೆಗೆಯುವ ಆರ್‌ಒ ಫಿಲ್ಟರ್ ಹಾಕಿದರೆ ಹೊತ್ತು ತಂದ ನೀರಿನಲ್ಲಿ ಅರ್ಧಕ್ಕಿಂತ ಜಾಸ್ತಿ ಮೋರಿಗೆ.

ನೀರ್ಚಾಲಿನಿಂದ:
ರೋಗಾಣು ಸಾಯಿಸಲು ಹಾಕುವ ಬ್ಲೀಚಿಂಗ್ ಪೌಡರ್ ಲೆಕ್ಕ: 1,000 ಲೀಟರಿಗೆ ಎರಡೂವರೆ ಗ್ರಾಂ. ಪೌಡರ್ ಹೊಸದಿರಬೇಕು, ಮೂಟೆಯಲ್ಲಿ ಹಳತಾದರೆ ಖಾರ ಹೋಗಿರುತ್ತದೆ. ಸ್ವಲ್ಪ ನೀರಲ್ಲಿ ಕಲಸಿ, ಸುಣ್ಣ ಅಡಿ ಕೂತ ಮೇಲೆ ಮೇಲಿನ ತಿಳಿ ಮಾತ್ರ ಹಾಕಿ. ಸುರಂಗದ ನೀರು ಹರಿಯುತ್ತಾ ಇರುವುದರಿಂದ ಅಲ್ಲಿಗೆ ಸುರಿದು ಪ್ರಯೋಜನವಿಲ್ಲ. ಅದು ಬಂದು ಬೀಳುವ ಟಾಂಕಿಗೆ ರಾತ್ರಿ ಹಾಕಿ, ಬೆಳಿಗ್ಗೆ ತೆಗೆಯಿರಿ.

ಕುಂಬಳೆಯಿಂದ:
ನಳ್ಳಿ ಸಂಪರ್ಕ ಇದೆಯಾ? ಹಳ್ಳಿ ಮನೆಗಳಿಗೆ ನಳ್ಳಿ ನೀರು ಕೊಡುವ 2019ರ ಕೇಂದ್ರ ಯೋಜನೆ ಜಲ ಜೀವನ್ ಮಿಷನ್ ಲೆಕ್ಕದಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ಸಿಗಬೇಕು. ನಮ್ಮ ಸಾಲಿನಲ್ಲಿ ಕೆಳಗಿನ ಮನೆಗಳ ಟಾಂಕಿ ತುಂಬಿದ ಮೇಲೆಯೇ ಮೇಲಿನವರಿಗೆ ನೀರು ಏರುವುದು. ಯಾವ ದಿನ ಎಷ್ಟು ಕೊಡ ಬಂತು ಅಂತ ಕ್ಯಾಲೆಂಡರಿನಲ್ಲಿ ಬರೆದಿಟ್ಟು ಗ್ರಾಮಸಭೆಗೆ ಕೊಂಡುಹೋಗಿ. ಬಾಯಿಮಾತಿನ ದೂರಿಗೆ ತಲೆ ಅಲ್ಲಾಡಿಸಿ ಕಳಿಸುತ್ತಾರೆ. ಕ್ಯಾಲೆಂಡರ್ ಮುಂದಿಟ್ಟ ಮೇಲೆ ನಮ್ಮ ಸಾಲಿಗೆ ಬೇರೆ ವಾಲ್ವ್ ಕೂರಿಸಿದರು.