ಬೊಜ್ಜು ‘ಹರಡುತ್ತದೆಯೋ’, ‘ಹಬ್ಬುತ್ತದೆಯೋ’?

ನಮಸ್ಕಾರ. ಮಾಸಪತ್ರಿಕೆಯೊಂದಕ್ಕೆ ಲೇಖನ ಅನುವಾದಿಸುತ್ತಾ ಒಂದು ಕ್ರಿಯಾಪದದ ಮುಂದೆ ಎರಡು ದಿನದಿಂದ ಕುಳಿತಿದ್ದೇನೆ.

ವಿಷಯ ಇದು. ಅಮೆರಿಕದ ಮ್ಯಾಸಚೂಸೆಟ್ಸ್‌ನ ಫ್ರೇಮಿಂಗ್‌ಹ್ಯಾಮ್ ಊರಿನವರ ಆರೋಗ್ಯವನ್ನು ದಶಕಗಳಿಂದ ಗಮನಿಸುತ್ತಿರುವ ಹೃದಯ ಅಧ್ಯಯನದ ದಾಖಲೆಗಳನ್ನು ಜಾಲಾಡಿ, ಸಂಶೋಧಕರಾದ ನಿಕೊಲಾಸ್ ಕ್ರಿಸ್ಟಾಕಿಸ್ ಮತ್ತು ಜೇಮ್ಸ್ ಫೌಲರ್ 2007ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. 1971ರಿಂದ 2003ರವರೆಗೆ 12,067 ಮಂದಿಯ ಲೆಕ್ಕ. ಗೆಳೆಯನಿಗೆ ಬೊಜ್ಜು ಬಂದರೆ ನಮಗೂ ಬರುವ ಸಂಭವ ಶೇ 57ರಷ್ಟು ಹೆಚ್ಚು, ಅವನು ದೂರದ ಊರಿನಲ್ಲಿದ್ದರೂ ಅಷ್ಟೇ. ಮಗ್ಗುಲ ಮನೆಯವನು ಎಷ್ಟೇ ದಪ್ಪಗಾಗಲಿ, ನಮಗೆ ಏನೂ ಇಲ್ಲ. (ದಪ್ಪಗಾಗುವವರು ತಮ್ಮಂಥವರನ್ನೇ ಗೆಳೆಯರಾಗಿ ಆರಿಸಿಕೊಂಡಿರಬಹುದಲ್ಲ ಎಂದು ಆಮೇಲೆ ಕೆಲವರು ತಕರಾರು ತೆಗೆದರು. ಅದು ಬೇರೆ ಜಗಳ.)

ಬೊಜ್ಜು ಹೀಗೆ ಒಬ್ಬರಿಂದ ಒಬ್ಬರಿಗೆ ಸಾಗುವುದಕ್ಕೆ ಮೊದಲು ‘ಸೋಂಕು’ ಎಂದು ಬರೆದೆ. ಹಿಂದೆ ಅದಕ್ಕೆ ತಾಗುವುದು ಎಂಬ ತಣ್ಣನೆಯ ಅರ್ಥ, ತಂಗಾಳಿಯೂ ಸೋಂಕುತ್ತಿತ್ತು. 2020ರ ಬಳಿಕ ಆ ಪದ ಕಂಡರೆ ಓದುಗರ ಕೈ ಮಾಸ್ಕ್ ಹುಡುಕುತ್ತದೆ. ‘ಅಂಟು’ ಚೆನ್ನಾಗಿದೆ, ‘ಅಂಟುನಂಟು’ ಎಂಬ ಜೋಡಿನುಡಿಯೊಳಗೆ ಸಂಬಂಧದ ಜಾಲವೂ ಅಡಗಿದೆ. ಆದರೆ ಅಂಟುವುದು ಚಟ, ಜಾಡ್ಯ. ಲೇಖನದಲ್ಲಿ ಮುಂದೆ ಸಿಗರೇಟು ಬಿಡುವವರ ಮಾತೂ ಬರುತ್ತದೆ. ಬಿಡುವುದು ಅಂಟಿತು ಎಂದು ಹೇಗೆ ಬರೆಯಲಿ?

‘ಹರಡು’ ಎಲ್ಲರಿಗೂ ತಿಳಿದ ಪದ. ಆದರೆ ಅಂಗಳದಲ್ಲಿ ರಾಗಿ ಹರಡಿದರೆ ಅದು ಪಕ್ಕದಿಂದ ಪಕ್ಕಕ್ಕೆ, ಸಂದು ಬಿಡದೆ ಸಾಗುತ್ತದೆ. ಹಾಗಿದ್ದರೆ ಮಗ್ಗುಲ ಮನೆಯವನಿಗೇ ಮೊದಲ ಪಾಲು ಸಿಗಬೇಕಿತ್ತು. ‘ಹಬ್ಬು’ ನೋಡಿ. ನಮ್ಮ ಹಿತ್ತಿಲ ಹೀರೆಬಳ್ಳಿ, ಬುಡದ ಪಕ್ಕದಲ್ಲೇ ಇರುವ ನುಣುಪಾದ ಕಲ್ಲುಕಂಬವನ್ನು ಬಿಟ್ಟು, ಮಾರು ದೂರದ ನುಗ್ಗೆಯ ಕೊಂಬೆಗೆ ಕುಡಿ ಸುತ್ತಿದೆ. ಹಿಡಿತ ಸಿಕ್ಕ ಕಡೆಗೆ ಹೋಗುತ್ತದೆ. ಗೆಳೆತನದ ದಾರಿಯೂ ಹೀಗೆಯೇ ಎಂದು ಹಿಗ್ಗಿದೆ. “ಮಂಜೂ ಹಬ್ಬುತ್ತದಲ್ಲ, ಅದಕ್ಕೆ ಯಾವ ಕೊಂಬೆ?” ಎಂದಳು ಹೆಂಡತಿ. ಉತ್ತರ ಹೊಳೆಯಲಿಲ್ಲ.

ನಿಮ್ಮ ಕಡೆಯ ಮಾತಿನಲ್ಲೂ ಈ ಎರಡು ಪದಗಳ ನಡುವೆ ಇಂಥ ವ್ಯತ್ಯಾಸ ಇದೆಯೇ, ಇಲ್ಲ ನಾನೇ ಹೊಸೆದದ್ದೇ? ನಾಮಪದದ್ದು ಇನ್ನೊಂದು ಗೋಳು. ‘ಹಬ್ಬುವಿಕೆ’ ಸರ್ಕಾರಿ ವರದಿಯಂತಿದೆ. ‘ಹಬ್ಬುಗೆ’ ಎಂದರೆ ಹಬ್ಬದ ಅಡುಗೆ ನೆನಪಾಗುತ್ತದೆಯೇ? ಉತ್ತರ ಕರ್ನಾಟಕದವರು ಚಟಕ್ಕೂ ಬೆಂಕಿಗೂ ‘ಹತ್ತು’ ಎನ್ನುತ್ತಾರೆ. ಒಳ್ಳೆಯ ಅಭ್ಯಾಸವೂ ‘ಹತ್ತುತ್ತದೆಯೇ’ ಎಂದು ಆ ಕಡೆಯವರು ತಿಳಿಸಿದರೆ ಉಪಕಾರ. ಲೇಖನವನ್ನು ಸೋಮವಾರ ಕೊಡಬೇಕು.