ಫ್ಯಾನಿ ರಿನ್ನೆ: ಮಿಡ್‌ಫೀಲ್ಡರ್ ಆಟವನ್ನು ಅಳೆಯೋದು ಹೇಗೆ?

ಮೂರ್ನಾಡು_ಲೆಫ್ಟ್‌ಹಾಫ್ ಕೇಳಿದ್ದು:

ಜರ್ಮನಿಯ ಹಾಕಿ ಆಟಗಾರ್ತಿ ಫ್ಯಾನಿ ರಿನ್ನೆ ಬಗ್ಗೆ ಎಲ್ಲಿ ಹುಡುಕಿದರೂ ಸಿಗೋದು ಎರಡೇ ಸಾಲು: ಮನ್‌ಹೈಮ್‌ನವರು, 2004ರ ಅಥೆನ್ಸ್ ಚಿನ್ನ ಗೆದ್ದ ತಂಡದಲ್ಲಿದ್ದರು. ಆದರೆ ಅವರು 2000ದಿಂದ 2012ರವರೆಗೆ ನಾಲ್ಕು ಒಲಿಂಪಿಕ್ಸ್ ಆಡಿದವರು. ಫಾರ್ವರ್ಡ್ ಆಗಿದ್ದರೆ ಗೋಲು ಎಣಿಸಿ ಸುಮ್ಮನಾಗಬಹುದು. ಮಿಡ್‌ಫೀಲ್ಡರ್‌ಗೆ, ಅಂದ್ರೆ ಅಂಗಳದ ನಡುವೆ ಆಡುವವರಿಗೆ, ಎಣಿಸೋದೇನನ್ನು? ಹದಿನೈದು, ಹದಿನಾರರ ಹುಡುಗಿಯರಿಗೆ ಹಳೆಯ ಪಂದ್ಯಗಳ ವಿಡಿಯೊ ತೋರಿಸಬೇಕು ಅಂತಿದ್ದೇನೆ. ಯಾವ ಪಂದ್ಯ ಆರಿಸಿಕೊಳ್ಳಲಿ, ಅದರಲ್ಲಿ ಏನನ್ನು ನೋಡಿಸಲಿ? ಗೊತ್ತಿರುವವರು ದಯವಿಟ್ಟು ವಿವರವಾಗಿ ಬರೆಯಿರಿ.

ಸೆಂಟರ್‌ಹಾಫ್_5:

ಮೊದಲು ಚೌಕಟ್ಟು ಹೇಳಿಬಿಡ್ತೀನಿ. ಹುಟ್ಟಿದ್ದು 15 ಏಪ್ರಿಲ್ 1980, ಮನ್‌ಹೈಮ್‌ನಲ್ಲಿ. ಕ್ಲಬ್ ಟಿಎಸ್‌ವಿ ಮನ್‌ಹೈಮ್. ಅವರು ಆಡಿದ ನಾಲ್ಕು ಒಲಿಂಪಿಕ್ಸ್‌ನಲ್ಲಿ ಜರ್ಮನಿ ಗಳಿಸಿದ ಸ್ಥಾನ: ಸಿಡ್ನಿ 7, ಅಥೆನ್ಸ್ 1, ಬೀಜಿಂಗ್ 4, ಲಂಡನ್ 7. ಇಷ್ಟನ್ನೇ ನೋಡಿದರೆ ಒಂದು ಸಲ ಮಿಂಚಿ ಮರೆಯಾದ ತಂಡ ಅನ್ನಿಸುತ್ತೆ. ಅದು ಸರಿಯಲ್ಲ. 2006ರಲ್ಲಿ ಆಮ್‌ಸ್ಟೆಲ್‌ವೇನ್‌ನಲ್ಲಿ ಚಾಂಪಿಯನ್ಸ್ ಟ್ರೋಫಿ ಗೆದ್ದ ಜರ್ಮನಿ, ಅದೇ ವರ್ಷ ಮ್ಯಾಡ್ರಿಡ್ ವಿಶ್ವಕಪ್‌ನಲ್ಲಿ 8ನೇ ಸ್ಥಾನಕ್ಕೆ ಕುಸಿಯಿತು. ಮರುವರ್ಷವೇ ಮ್ಯಾಂಚೆಸ್ಟರ್‌ನಲ್ಲಿ ನೆದರ್ಲೆಂಡ್ಸನ್ನು 2–0ಯಿಂದ ಸೋಲಿಸಿ ಯುರೋಪಿಯನ್ ಚಾಂಪಿಯನ್ ಆಯಿತು. 2010ರ ರೊಸಾರಿಯೊ ವಿಶ್ವಕಪ್‌ನಲ್ಲಿ 4ನೇ ಸ್ಥಾನ. ಇಷ್ಟು ಏರಿಳಿತ ಇರುವ ತಂಡದಲ್ಲಿ ಹನ್ನೆರಡು ವರ್ಷ ನಡುಗೆರೆಯಲ್ಲಿ ಜಾಗ ಉಳಿಸಿಕೊಂಡದ್ದೇ ನನ್ನ ಪ್ರಕಾರ ಚಿನ್ನಕ್ಕಿಂತ ದೊಡ್ಡ ಮಾತು. ಮಾರ್ಕುಸ್ ವೈಸೆ ಹೋಗಿ ಮಿಖಾಯೆಲ್ ಬೆಹ್ರ್‌ಮನ್ ಕೋಚ್ ಆಗಿ ಬಂದ ಮೇಲೂ ಆ ಜಾಗ ಅಲುಗಲಿಲ್ಲ. ಕೋಚ್ ಬದಲಾದರೆ ಮೊದಲು ಪರೀಕ್ಷೆಗೆ ನಿಲ್ಲೋದೇ ಮಿಡ್‌ಫೀಲ್ಡರ್‌ಗಳು.

ಅಥೆನ್ಸ್‌ನದೂ ನೇರ ದಾರಿ ಅಲ್ಲ. ಗುಂಪಿನ ಹಂತದಲ್ಲಿ ನೆದರ್ಲೆಂಡ್ಸ್ ಕೈಲಿ 4–1 ಸೋಲು, ದಕ್ಷಿಣ ಆಫ್ರಿಕಾ ಕೈಲೂ ಸೋಲು. ಸೆಮಿಫೈನಲ್‌ನಲ್ಲಿ ಚೀನಾ ವಿರುದ್ಧ ಗೋಲೇ ಬರದೆ ಪೆನಾಲ್ಟಿ ಸ್ಟ್ರೋಕ್‌ನಲ್ಲಿ ಗೆಲುವು. ಆಗಸ್ಟ್ 26ರ ಫೈನಲ್‌ನಲ್ಲಿ ಅದೇ ನೆದರ್ಲೆಂಡ್ಸ್ ವಿರುದ್ಧ 2–1. ಗೋಲು ಹೊಡೆದವರು ಆಂಕೆ ಕ್ಯೂನ್ ಮತ್ತು ಫ್ರಾಂಟ್ಸಿಸ್ಕಾ ಗುಡೆ. ರಿನ್ನೆ ಹೆಸರು ಸ್ಕೋರ್‌ಶೀಟ್‌ನಲ್ಲಿ ಇಲ್ಲ, ನೀವು ಕೇಳಿದ ಪ್ರಶ್ನೆ ಹುಟ್ಟೋದೇ ಅಲ್ಲಿ.

ಡಿ_ಅಂಚು:

ಎರಡು ಪಂದ್ಯ ಸಾಕು: 2004ರ ಫೈನಲ್ ಮತ್ತು 2008ರ ಬೀಜಿಂಗ್ ಸೆಮಿಫೈನಲ್. ಎದುರಾಳಿ ಎರಡರಲ್ಲೂ ನೆದರ್ಲೆಂಡ್ಸ್. ಒಂದು ಗೆಲುವು, ಇನ್ನೊಂದು 5–2 ಸೋಲು. ಗೆದ್ದದ್ದನ್ನು ಮಾತ್ರ ತೋರಿಸಿದರೆ ಮಕ್ಕಳು ಚೆಂಡಿನ ಹಿಂದೆಯೇ ಕಣ್ಣು ಓಡಿಸ್ತಾರೆ.

ತೊಂದರೆ ಏನಂದ್ರೆ, ಟೀವಿ ಕ್ಯಾಮೆರಾ ಚೆಂಡನ್ನೇ ಹಿಂಬಾಲಿಸುತ್ತೆ. ಮಿಡ್‌ಫೀಲ್ಡರ್‌ನ ಅರ್ಧ ಕೆಲಸ ಫ್ರೇಮ್‌ನಿಂದ ಆಚೆಗೇ ಮುಗಿದಿರುತ್ತೆ. ಅದಕ್ಕೆ ಹದಿನಾರು ಯಾರ್ಡ್ ಹಿಟ್‌ಗಳನ್ನು (ಎದುರಾಳಿ ಚೆಂಡನ್ನು ಗೋಲಿನ ಗೆರೆಯಾಚೆ ಕಳಿಸಿದಾಗ ಡಿಫೆನ್ಸ್‌ನವರು ಆಟ ಮತ್ತೆ ಶುರು ಮಾಡುವ ಹೊಡೆತ) ಮಾತ್ರ ಬೇರೆ ಮಾಡಿಕೊಳ್ಳಿ. ಆಗ ಆಟ ನಿಂತಿರುತ್ತೆ, ಕ್ಯಾಮೆರಾ ಸಾಮಾನ್ಯವಾಗಿ ಹಿಂದೆ ಸರಿಯುತ್ತೆ, ನಡುಗೆರೆಯ ಮೂರ್ನಾಲ್ಕು ಜನ ಯಾರು ಎಲ್ಲಿ ನಿಂತಿದ್ದಾರೆ ಅಂತ ಕಾಣುತ್ತೆ. ಅಲ್ಲಿ ನಿಲ್ಲಿಸಿ, ಚೆಂಡು ಯಾರಿಗೆ ಹೋಗಬಹುದು ಅಂತ ಮಕ್ಕಳನ್ನು ಕೇಳಿ, ಆಮೇಲೆ ಓಡಿಸಿ.

ಎಣಿಸಬೇಕಾದದ್ದು ಮುಖ್ಯವಾಗಿ ಮೂರು. ಚೆಂಡು ಕೈಸೇರುವ ಮುಂಚಿನ ಎರಡು ಸೆಕೆಂಡಿನಲ್ಲಿ ಆಟಗಾರ್ತಿ ಭುಜದ ಮೇಲಿಂದ ಎಷ್ಟು ಸಲ ಹಿಂದೆ ನೋಡಿದರು? ಟ್ರ್ಯಾಪ್ ಮಾಡುವಾಗ, ಅಂದ್ರೆ ಬರುವ ಚೆಂಡನ್ನು ಸ್ಟಿಕ್‌ನಿಂದ ತಡೆದು ಹಿಡಿಯುವಾಗ, ಎದೆ ಯಾವ ಕಡೆಗಿತ್ತು? ಸ್ವಂತ ಗೋಲಿನತ್ತ ಎದೆ ಕೊಟ್ಟು ನಿಂತರೆ ಚೆಂಡನ್ನು ಹಿಂದಕ್ಕೇ ಕೊಡಬೇಕಾಗುತ್ತೆ. ಬಲಗಾಲು ಹಿಂದಿಟ್ಟು ಪಕ್ಕಕ್ಕೆ ತೆರೆದುಕೊಂಡರೆ ಅದೇ ಟ್ರ್ಯಾಪ್‌ನಲ್ಲಿ ಮುಂದಕ್ಕೂ ಹೋಗಬಹುದು, ಎಡಕ್ಕೂ ತಿರುಗಿಸಬಹುದು. ಮೂರನೇದು ಮೊದಲ ಸ್ಪರ್ಶ: ಚೆಂಡು ಕಾಲಬುಡದಲ್ಲಿ ಸತ್ತು ಬಿತ್ತೋ, ಅರ್ಧ ಹೆಜ್ಜೆ ಮುಂದೆ ಬಲಕ್ಕೆ ಬಂತೋ? ಕಾಲಬುಡದಲ್ಲಿ ಬಿದ್ದರೆ ಅದನ್ನು ಹೊರತೆಗೆಯಲು ಇನ್ನೊಂದು ಸ್ಪರ್ಶ ಬೇಕು, ಅಷ್ಟರಲ್ಲಿ ಟ್ಯಾಕಲ್ ಬಂದಿರುತ್ತೆ.

5–2ರ ಪಂದ್ಯದಲ್ಲಿ ಮಾತ್ರ ಬೇರೆ ಕೆಲಸ. ನೆದರ್ಲೆಂಡ್ಸ್‌ನ ಪ್ರತಿ ಗೋಲಿನಿಂದ 15 ಸೆಕೆಂಡು ಹಿಂದಕ್ಕೆ ಹೋಗಿ, ಚೆಂಡು ಕೈತಪ್ಪಿದ ಜಾಗವನ್ನು ಹಾಳೆಯಲ್ಲಿ ಗುರುತು ಮಾಡಿಸಿ. ಪೆನಾಲ್ಟಿ ಕಾರ್ನರ್‌ನಿಂದ (ಗೋಲಿನ ಹತ್ತಿರದ ಫೌಲ್‌ಗೆ ಸಿಗುವ ಹೊಡೆತ) ಬಂದ ಗೋಲಾದರೆ ಕಾರ್ನರ್ ಕೊಟ್ಟ ಫೌಲ್‌ನಿಂದ ಹಿಂದಕ್ಕೆ.

ಟರ್ಫ್_ಬೆಂಗಳೂರು:

ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸಲೇಬೇಕು, ಇಲ್ಲದಿದ್ದರೆ ಮಕ್ಕಳು ತಪ್ಪು ಅರ್ಥ ಮಾಡಿಕೊಳ್ತಾರೆ. ಆ ಎರಡೂ ಪಂದ್ಯಗಳು ಹಳೆಯ ನಿಯಮದವು. ಆಗ ಫ್ರೀ ಹಿಟ್ ತೆಗೆದುಕೊಂಡವರು ತಾವೇ ಚೆಂಡು ಒಯ್ಯುವಂತಿರಲಿಲ್ಲ, ಇನ್ನೊಬ್ಬರಿಗೆ ಕೊಡಲೇಬೇಕಿತ್ತು. ಸೆಲ್ಫ್ ಪಾಸ್, ಅಂದ್ರೆ ತಾವೇ ಚೆಂಡು ಒಯ್ಯುವ ಅವಕಾಶ, 2007ರಲ್ಲಿ ಯೂರೋ ಹಾಕಿ ಲೀಗ್‌ನಲ್ಲಿ ಪ್ರಯೋಗವಾಗಿ ಬಂದು, 2009ರಲ್ಲಿ ಅಂತರರಾಷ್ಟ್ರೀಯ ನಿಯಮವಾಯಿತು. ಹಾಗಾಗಿ 2004ರಲ್ಲಿ ಸೀಟಿ ಬಿದ್ದ ಕೂಡಲೇ ಮಿಡ್‌ಫೀಲ್ಡರ್ ಆಚೆ ಓಡಿ ಜಾಗ ಮಾಡಿಕೊಡೋದನ್ನು ಕಾಣ್ತೀರಿ. ಇವತ್ತು ಅದೇ ಜಾಗದಲ್ಲಿ ಅವರೇ ಚೆಂಡು ತಟ್ಟಿಕೊಂಡು ಹೊರಡ್ತಾರೆ. ಅಥೆನ್ಸ್ ಸೆಮಿಫೈನಲ್ ತೀರ್ಮಾನವಾದದ್ದೂ 6.40 ಮೀಟರ್ ಚುಕ್ಕೆಯಿಂದ ಹೊಡೆಯುವ ಸ್ಟ್ರೋಕ್‌ನಲ್ಲಿ, ಆಟಗಾರ್ತಿ ಚೆಂಡು ಒಯ್ದು ಗೋಲ್‌ಕೀಪರನ್ನು ಎದುರಿಸುವ ಈಗಿನ 8 ಸೆಕೆಂಡಿನ ಶೂಟೌಟ್‌ನಲ್ಲಿ ಅಲ್ಲ. ಪಂದ್ಯ 35 ನಿಮಿಷದ ಎರಡು ಅರ್ಧ. 15 ನಿಮಿಷದ ನಾಲ್ಕು ಭಾಗ ಬಂದದ್ದು ರಿನ್ನೆ ಕಾಲದ ನಂತರ. 35 ನಿಮಿಷ ತಡೆಯಿಲ್ಲದೆ ಓಡುವಾಗ ಯಾವಾಗ ನಿಧಾನ ಮಾಡಬೇಕು ಅಂತ ತೀರ್ಮಾನಿಸುವ ಹೊಣೆ ನಡುವಿನವರದೇ ಆಗಿತ್ತು. ಇದು ಈಗಿನ ಆಟದಲ್ಲಿ ಅಷ್ಟಾಗಿ ಕಾಣಸಿಗೋದಿಲ್ಲ.

ಸಾಧ್ಯವಾದರೆ 2012ರ ಲಂಡನ್ ಪಂದ್ಯ ಒಂದನ್ನೂ ಸೇರಿಸಿ. ನೀಲಿ ಟರ್ಫ್ ಮೇಲೆ ಹಳದಿ ಚೆಂಡು ಇರೋದರಿಂದ ಮೊದಲ ಸ್ಪರ್ಶ ಸಣ್ಣ ಪರದೆಯಲ್ಲೂ ಸ್ಪಷ್ಟವಾಗಿ ಕಾಣುತ್ತೆ. ಸೆಲ್ಫ್ ಪಾಸ್ ಬಂದ ಮೇಲಿನ ರಿನ್ನೆ ಆಟವೂ ಹೋಲಿಕೆಗೆ ಸಿಗುತ್ತೆ.

ಇನ್ನೊಂದು, ಜರ್ಮನ್ನರ ಟ್ರ್ಯಾಪ್ ಅಷ್ಟು ಚೆನ್ನಾಗಿರೋದಕ್ಕೆ ಇಂಡೋರ್ ಹಾಕಿ ದೊಡ್ಡ ಕಾರಣ. ಚಳಿಗಾಲದಲ್ಲಿ ಅಲ್ಲಿ ಕ್ಲಬ್‌ಗಳು ಟರ್ಫ್ ಬಿಟ್ಟು ಹಾಲ್‌ಗೆ ಹೋಗ್ತವೆ, ಅಲ್ಲಿನ ಲೀಗ್ ಬುಂಡೆಸ್‌ಲಿಗಾ ಕೂಡ ಆಗ ಒಳಗೇ ನಡೆಯುತ್ತೆ. 2003ರಲ್ಲಿ ಲೈಪ್ಸಿಗ್‌ನಲ್ಲಿ ಮೊದಲ ಇಂಡೋರ್ ವಿಶ್ವಕಪ್ ಗೆದ್ದದ್ದೂ ಜರ್ಮನಿಯ ಮಹಿಳೆಯರೇ. ಅಂಗಳ 40 ಮೀಟರ್ ಉದ್ದ, 20 ಮೀಟರ್ ಅಗಲ. ಸ್ಟಿಕ್ ಬೀಸಿ ಹಿಟ್ ಹೊಡೆಯುವಂತಿಲ್ಲ, ಸ್ಟಿಕ್ ಚೆಂಡಿಗೆ ತಾಗಿಸಿ ತಳ್ಳುವ ಪುಶ್ ಮಾತ್ರ. ಗೋಲಿಗೆ ಹೊಡೆಯುವಾಗ ಬಿಟ್ಟು ಚೆಂಡು ಎತ್ತುವಂತಿಲ್ಲ. ಎರಡೂ ಬದಿಗೆ 10 ಸೆಂ.ಮೀ. ಎತ್ತರದ ಮರದ ಅಂಚು. ಅಲ್ಲಿ ಟ್ರ್ಯಾಪ್ ಒಂದು ಅಡಿ ತಪ್ಪಿದರೆ ಚೆಂಡು ಎದುರಾಳಿಯದು.

ಮೂರ್ನಾಡು_ಲೆಫ್ಟ್‌ಹಾಫ್:

ತುಂಬಾ ಉಪಕಾರ ಆಯ್ತು. ನಮ್ಮಲ್ಲಿ ಅಂಚು ಇರುವ ಹಾಲ್ ಇಲ್ಲ, ಸಿಮೆಂಟ್ ಬ್ಯಾಸ್ಕೆಟ್‌ಬಾಲ್ ಅಂಗಳ ಇದೆ. ಅದರಲ್ಲಿ ಏನಾದರೂ ಮಾಡಬಹುದಾ?

ಟರ್ಫ್_ಬೆಂಗಳೂರು:

ಖಂಡಿತ ಮಾಡಬಹುದು. 10 ಸೆಂ.ಮೀ. ದಪ್ಪ, 10 ಸೆಂ.ಮೀ. ಎತ್ತರದ ಮರದ ತೊಲೆ, 3 ಮೀಟರ್ ಉದ್ದದ್ದು ಎರಡು ತನ್ನಿ. ಹಿಂದೆ ಮರಳು ಚೀಲ ಒತ್ತಿಡಿ. ತೊಲೆ ಅಲುಗಾಡಿದರೆ ಚೆಂಡು ಅಲ್ಲೇ ಸತ್ತುಹೋಗುತ್ತೆ. ತೊಲೆ ಹಿಂದಕ್ಕೆ ವಾಲಿದ್ದರೆ ಚೆಂಡು ಹಾರಿ ಮಕ್ಕಳ ಮೊಣಕಾಲಿಗೆ ಬಡಿಯುತ್ತೆ, ಇದನ್ನು ಮಾತ್ರ ಕಡೆಗಣಿಸಬೇಡಿ. ನಿಯಮದ ಪ್ರಕಾರವೇ ಅಂಚಿನ ಮುಖ ಅಂಗಳದ ಕಡೆಗೆ 1 ಸೆಂ.ಮೀ. ವಾಲಿರಬೇಕು. ತೊಲೆಯ ಹಿಂಬದಿ ಅಂಚಿನಡಿ 1 ಸೆಂ.ಮೀ. ದಪ್ಪದ ಪಟ್ಟಿ ಸಿಕ್ಕಿಸಿದರೆ ಆ ಓರೆ ಬರುತ್ತೆ.

ಮೂವರನ್ನು ನಿಲ್ಲಿಸಿ. ಒಬ್ಬಳು ತೊಲೆಗೆ ಓರೆಯಾಗಿ ಪುಶ್ ಮಾಡಲಿ, ನಡುವೆ ಒಬ್ಬಳು ಡಿಫೆಂಡರ್, ಆಚೆ ಬದಿ ಟ್ರ್ಯಾಪ್ ಮಾಡುವವಳು. ಚೆಂಡು ಅಂಚಿಗೆ ತಾಗುವ ಮುಂಚೆಯೇ ಟ್ರ್ಯಾಪ್ ಮಾಡುವವಳು ಹಿಂದೆ ನೋಡಿಯಾಗಿರಬೇಕು. ನೀವು ಅವಳ ಹಿಂದೆ ನಿಂತು ಬೆರಳು ತೋರಿಸಿ, ಎಷ್ಟು ಅಂತ ಅವಳು ಕೂಗಿ ಹೇಳಬೇಕು. ಹೇಳದಿದ್ದರೆ ಟ್ರ್ಯಾಪ್ ಎಷ್ಟೇ ಚೆನ್ನಾಗಿದ್ದರೂ ಲೆಕ್ಕಕ್ಕಿಲ್ಲ. ಸಿಮೆಂಟ್ ಮೇಲೆ ಗುಳಿ ಇರುವ ಟರ್ಫ್ ಚೆಂಡು ಬೇಡ, ನುಣುಪು ಚೆಂಡು ತನ್ನಿ. ಹಳೆಯ ಸ್ಟಿಕ್‌ಗಳನ್ನೇ ಕೊಡಿ, ಸಿಮೆಂಟ್‌ಗೆ ಉಜ್ಜಿ ಹೊಸದರ ತಲೆ ಬೇಗ ಸವೆಯುತ್ತೆ.